ನೂರರಿಂದ ಭಾಗಿಸಿದ ರಾಕೆಟ್ಟು

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯ ಒಂದು ಮನೆಗೆ ಅಂಚೆಯಲ್ಲಿ ಉದ್ದನೆಯ ಪೆಟ್ಟಿಗೆಯೊಂದು ಬಂತೆನ್ನಿ. ಒಂಬತ್ತನೆಯ ತರಗತಿಯ ಹುಡುಗಿ ತಾನು ಕೂಡಿಟ್ಟ ಹಣಕ್ಕೆ ಅಪ್ಪನಿಂದ ಒಂದಿಷ್ಟು ಸೇರಿಸಿಕೊಂಡು ತರಿಸಿದ ರಾಕೆಟ್ ಮಾದರಿಯ ಕಿಟ್ ಅದು. ಬಿಚ್ಚಿ ನೋಡಿದರೆ ರಟ್ಟಿನ ಕೆಲವು ಕೊಳವೆಗಳು, ಗೆರೆ ಅಚ್ಚು ಹಾಕಿದ ದಪ್ಪ ಕಾಗದದ ಹಾಳೆಗಳು, ಪ್ಲಾಸ್ಟಿಕ್ಕಿನ ಒಂದು ಮೂತಿ, ಎರಡು ಪುಟದ ಸೂಚನೆ. ಅಪ್ಪ ಒಂದೊಂದನ್ನೇ ಕೈಗೆತ್ತಿಕೊಂಡು ನೋಡುತ್ತಾನೆ.

"ಇದು ಮೇಲಕ್ಕೆ ಹಾರ್ತದೇನವ್ವಾ?"

"ಇಲ್ಲ ಕಣಪ್ಪಾ, ಇದು ಬರೀ ಮಾದರಿ."

"ಹಾರ್ದೇ ಇದ್ಮೇಲೆ ಅಷ್ಟು ದುಡ್ಡು ಯಾಕೆ ಕೊಟ್ಟೆ?"

ಈ ಪ್ರಶ್ನೆ ಯಾವ ಊರಿನ ತಂದೆಯ ಬಾಯಿಂದಲೂ ಬರಬಹುದಾದದ್ದೇ. ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ದುಡ್ಡು ಕೊಟ್ಟವರು ಕೇಳಲೇಬೇಕು. ಇದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ಬೆಂಗಳೂರಿನವರೆಗೆ ಹೋದರೆ ಸಾಕು.

ಅಲ್ಲಿಯ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್, ಅಂದರೆ ಎನ್.ಎ.ಎಲ್. ಸಂಸ್ಥೆಯಲ್ಲಿ 1967ರಲ್ಲಿ ಕೆಲಸ ಆರಂಭಿಸಿದ ಒಂದು ದೊಡ್ಡ ಗಾಳಿ ಸುರಂಗವಿದೆ. ಮಾದರಿಯನ್ನು ನಿಲ್ಲಿಸುವ ಜಾಗ 1.2 ಮೀಟರ್ ಅಗಲ, ಅಷ್ಟೇ ಎತ್ತರ. ತೊಟ್ಟಿಗಳಲ್ಲಿ ಒತ್ತಿ ತುಂಬಿಟ್ಟ ಗಾಳಿಯನ್ನು ಅದರೊಳಗೆ ಒಮ್ಮೆಗೇ ಬಿಡುತ್ತಾರೆ. ಶಬ್ದದ ವೇಗಕ್ಕಿಂತ ಕಡಿಮೆ, ಅದಕ್ಕೆ ಸಮ, ಅದರ ಮೂರು ನಾಲ್ಕು ಪಟ್ಟು, ಹೀಗೆ ಯಾವ ವೇಗ ಬೇಕೋ ಆ ವೇಗದ ಗಾಳಿ ಕೆಲವೇ ಸೆಕೆಂಡುಗಳ ಕಾಲ ಬೀಸುತ್ತದೆ. ಅಷ್ಟರಲ್ಲಿ ಅಳೆಯಬೇಕಾದ್ದನ್ನೆಲ್ಲ ಅಳೆದು ಮುಗಿಸಬೇಕು. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಒಯ್ದ ಎಸ್.ಎಲ್.ವಿ.-3ರಿಂದ ಹಿಡಿದು ಇಸ್ರೋದ ಉಡಾವಣಾ ವಾಹನಗಳು ಶ್ರೀಹರಿಕೋಟೆಯಲ್ಲಿ ಮೇಲೇರುವ ಮುನ್ನ ಪುಟ್ಟ ರೂಪದಲ್ಲಿ ಈ ಸುರಂಗದ ಗಾಳಿಗೆ ಮೈಯೊಡ್ಡಿವೆ. ಆ ಮಾದರಿಗಳೂ ಹಾರುವಂಥವಲ್ಲ. ಉಕ್ಕಿನ ಕಂಬಿಯ ತುದಿಗೆ ಬಿಗಿದು ನಿಲ್ಲಿಸಿದ ಮಾದರಿ ಇದ್ದಲ್ಲೇ ಇರುತ್ತದೆ, ಗಾಳಿಯೇ ಹಾರಿ ಬರುತ್ತದೆ. ಹಾರದ ರಾಕೆಟ್ಟಿಗೆ ದುಡ್ಡು ಕೊಡುವವರಲ್ಲಿ ಧನಗೆರೆಯ ಹುಡುಗಿ ಮೊದಲನೆಯವಳಲ್ಲ ಎಂದಾಯಿತು.

ಈಗ ಕಿಟ್ ಕಡೆ ಬರೋಣ. ಅದು ನಮ್ಮ ಪಿ.ಎಸ್.ಎಲ್.ವಿ.ಯದು, ಪ್ರಮಾಣ 1:100 ಎಂದು ಇಟ್ಟುಕೊಳ್ಳಿ. ಕಲಿಯುವವರಿಗೆ ಇಷ್ಟು ಅನುಕೂಲವಾದ ಪ್ರಮಾಣ ಇನ್ನೊಂದಿಲ್ಲ. ನಿಜವಾದ ರಾಕೆಟ್ಟಿನ ಒಂದು ಮೀಟರ್ ಇಲ್ಲಿ ಒಂದು ಸೆಂಟಿಮೀಟರ್, ಅಷ್ಟೇ ಲೆಕ್ಕ. ಪಿ.ಎಸ್.ಎಲ್.ವಿ.ಯ ಎತ್ತರ 44 ಮೀಟರ್, ಅಂದರೆ ಇಪ್ಪತ್ತು ಮೀಟರಿನ ಎರಡು ತೆಂಗಿನ ಮರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ಸಾಲದು. ಮಾದರಿ 44 ಸೆಂಟಿಮೀಟರ್. ಕೆಳಗಿನ ಎರಡು ಹಂತಗಳ ಅಡ್ಡಳತೆ 2.8 ಮೀಟರ್, ಹಾಗಾಗಿ ಕೊಳವೆ 28 ಮಿಲಿಮೀಟರ್. ಬುಡದ ಸುತ್ತ ಅಂಟಿಕೊಂಡಿರುವ ಆರು ಪಕ್ಕದ ರಾಕೆಟ್ಟುಗಳು ಒಂದೊಂದೂ ಒಂದು ಮೀಟರ್ ದಪ್ಪ. ಪೆನ್ಸಿಲಿನ ಮೇಲೆ ಕಾಗದ ಸುತ್ತುತ್ತಾ ಹೋಗಿ, ಹತ್ತು ಮಿಲಿಮೀಟರ್ ಆದಾಗ ನಿಲ್ಲಿಸಿದರೆ ಅವು ಸಿದ್ಧ. ಪಕ್ಕದಲ್ಲಿ ಆರಡಿಗಿಂತ ತುಸು ಗಿಡ್ಡನೆಯ ಮನುಷ್ಯನೊಬ್ಬನನ್ನು ನಿಲ್ಲಿಸಬೇಕೆಂದರೆ ಅವನು 17 ಮಿಲಿಮೀಟರ್, ಹುಣಸೆಬೀಜಕ್ಕಿಂತ ಸ್ವಲ್ಪ ಉದ್ದ. ಈ ಮನುಷ್ಯನನ್ನು ಮಾಡದೆ ಬಿಡಬಾರದು. ಅವನಿಲ್ಲದ ಮಾದರಿ ಬಣ್ಣದ ಕೋಲಿನಂತೆ ಕಾಣುತ್ತದೆ. ಅವನನ್ನು ನಿಲ್ಲಿಸಿದ ಕೂಡಲೇ ನೋಡುವವರ ಕತ್ತು ಮೇಲಕ್ಕೆ ಏಳುತ್ತದೆ.

ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಬೇಕು, ಇದೇ ಪ್ರಮಾಣಬದ್ಧ ಮಾದರಿಯ ಕಟ್ಟುನಿಟ್ಟು. ಹೇಳಲು ಸುಲಭ, ಮಾಡಲು ಕುಳಿತಾಗ ಕೈ ಮೋಸ ಮಾಡುತ್ತದೆ. ಒಂದು ಉದಾಹರಣೆ ನೋಡಿ. ಪಿ.ಎಸ್.ಎಲ್.ವಿ.ಯ ನೆತ್ತಿಯಲ್ಲಿ ಉಪಗ್ರಹವನ್ನು ಮುಚ್ಚಿಡುವ ಉಷ್ಣಕವಚದ ಅಡ್ಡಳತೆ 3.2 ಮೀಟರ್. ಕೆಳಗಿನ ಮೈಗಿಂತ ಅದು ದಪ್ಪ. ಮಾದರಿಯಲ್ಲಿ 28ಕ್ಕೆ 32, ಅಂದರೆ ಒಂದೊಂದು ಪಕ್ಕಕ್ಕೆ ಎರಡೇ ಎರಡು ಮಿಲಿಮೀಟರ್ ಉಬ್ಬು. ವಿಜ್ಞಾನ ಪ್ರದರ್ಶನಕ್ಕೆಂದು ಅವಸರದಲ್ಲಿ ಮಾಡಿದ ಮಾದರಿಗಳಲ್ಲಿ ಈ ಉಬ್ಬು ಸಾಮಾನ್ಯವಾಗಿ ಮಾಯ. ಮೇಲಿಂದ ಕೆಳಗಿನವರೆಗೆ ಒಂದೇ ಕೊಳವೆ, ತುದಿಗೊಂದು ಚೂಪು ಟೋಪಿ. ಎರಡು ಮಿಲಿಮೀಟರ್ ತಾನೇ, ಯಾರು ನೋಡುತ್ತಾರೆ ಎನ್ನಿಸುವುದು ಸಹಜ.

ಗಾಳಿ ನೋಡುತ್ತದೆ. ರಾಕೆಟ್ಟು ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು ದಾಟುವ ಆಸುಪಾಸಿನಲ್ಲಿ ಹರಿದು ಬರುವ ಗಾಳಿ ಇಂಥ ಉಬ್ಬಿನ ಹಿಂದೆ ಒಮ್ಮೆ ಮೈಗಂಟಿ ಒಮ್ಮೆ ಬಿಟ್ಟು ಕುಣಿಯತೊಡಗುತ್ತದೆ. ಅದರ ಹೊಡೆತಕ್ಕೆ ಕವಚ ಕಂಪಿಸುತ್ತದೆ. ಕಂಪನ ಮಿತಿಮೀರಿದರೆ ಒಳಗಿನ ಉಪಗ್ರಹದ ಗತಿ ಹೇಳಬೇಕಾಗಿಲ್ಲ. ಗಾಳಿ ಸುರಂಗದಲ್ಲಿ ಮಾದರಿಗಳನ್ನು ನಿಲ್ಲಿಸಿ ನೋಡುವ ಸಂಗತಿಗಳಲ್ಲಿ ಇದೂ ಒಂದು. ಆ ಉಬ್ಬನ್ನು ಅಲ್ಲಿ ತಪ್ಪಾಗಿ ಕಡೆದರೆ ಬರುವ ಉತ್ತರ ಬೇರೆ ಯಾವುದೋ ರಾಕೆಟ್ಟಿನದಾಗುತ್ತದೆ. ಹುಡುಗಿಯ ಮೇಜಿನ ಮೇಲಿನ ಎರಡು ಮಿಲಿಮೀಟರಿಗೆ ಇಷ್ಟು ತೂಕವಿದೆ.

ಬಣ್ಣದ ವಿಷಯವೂ ಹಾಗೆಯೇ. ಕುಂಚದಿಂದ ದಪ್ಪಗೆ ಬಳಿದ ಬಣ್ಣ 0.1 ಮಿಲಿಮೀಟರ್ ಕುಳಿತರೆ, ನಿಜವಾದ ರಾಕೆಟ್ಟಿನ ಮೈಗೆ ಒಂದು ಸೆಂಟಿಮೀಟರ್ ಗಾರೆ ಮೆತ್ತಿದ ಹಾಗೆ. ಆದ್ದರಿಂದ ತೆಳ್ಳಗೆ, ಎರಡು ಸಲ. ಮೊದಲನೆಯದು ಚೆನ್ನಾಗಿ ಒಣಗಿದ ಮೇಲೆ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ತಿಕ್ಕಿ ಎರಡನೆಯದು. ಕಾಗದ ಸುತ್ತುವ ಮುನ್ನ ಅದು ಯಾವ ದಿಕ್ಕಿಗೆ ಸಲೀಸಾಗಿ ಬಾಗುತ್ತದೆಂದು ನೋಡಿಕೊಳ್ಳಬೇಕು. ಕಾಗದಕ್ಕೂ ಮರದಂತೆ ಎಳೆಯುಂಟು, ಎಳೆಗೆ ಅಡ್ಡವಾಗಿ ಸುತ್ತಿದರೆ ಕೊಳವೆ ಗುಂಡಗಾಗದೆ ಮುರುಕುಮುರುಕಾಗುತ್ತದೆ. ಬಿಳಿ ಅಂಟು ಹೆಚ್ಚಾದರೆ ನೀರು ಕುಡಿದು ಕಾಗದ ಸೊಟ್ಟಗಾಗುತ್ತದೆ, ಬೆಂಕಿಕಡ್ಡಿಯ ತುದಿಯಲ್ಲಿ ಮುಟ್ಟಿಸುವಷ್ಟು ಸಾಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂಟು ಹಾಕದೆ ಒಮ್ಮೆ ಎಲ್ಲವನ್ನೂ ಜೋಡಿಸಿ ನೋಡುವ ತಾಳ್ಮೆ ಬೇಕು. ಕಿಟ್ ಬಂದ ದಿನವೇ ಅಂಟಿನ ಡಬ್ಬಿ ತೆರೆಯುವ ಮಕ್ಕಳೇ ಹೆಚ್ಚು.

ಪಕ್ಕದ ರಾಕೆಟ್ಟುಗಳನ್ನು ಕೂರಿಸುವುದು ತುಸು ಜಾಣತನದ ಕೆಲಸ. ಬುಡದ ಸುತ್ತ ನಿಜವಾಗಿ ಎಂಟು ಕೊಳವೆಗಳಿವೆ. ಆರು ರಾಕೆಟ್ಟುಗಳು, ಇನ್ನೆರಡು ಬೇರೆ. ಅವೇನೆಂಬುದು ಮುಂದೆ ಬರುತ್ತದೆ. ಇವೆಲ್ಲ ಸಮ ಅಂತರದಲ್ಲಿವೆ ಎಂದು ಊಹಿಸಿ ಅಂಟಿಸದೆ ನಕ್ಷೆಯಲ್ಲಿನ ಕೋನಗಳನ್ನು ನೋಡಬೇಕು. ಗುಂಡನೆಯ ಮೈಮೇಲೆ ಕೋನಮಾಪಕ ನಿಲ್ಲುವುದಿಲ್ಲವಲ್ಲ? ಅದಕ್ಕೊಂದು ಉಪಾಯ ಇದೆ. ಕೊಳವೆಯ ಸುತ್ತಳತೆ 28ನ್ನು 3.14ರಿಂದ ಗುಣಿಸಿದರೆ 88 ಮಿಲಿಮೀಟರ್. ಅಷ್ಟುದ್ದದ ಕಾಗದದ ಪಟ್ಟಿಯಲ್ಲಿ 360 ಡಿಗ್ರಿ ಅಡಗಿದೆ, 45 ಡಿಗ್ರಿಗೆ 11 ಮಿಲಿಮೀಟರ್. ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಸ್ಕೇಲಿನಲ್ಲಿ ಗುರುತು ಹಾಕಿ, ಆಮೇಲೆ ಕೊಳವೆಗೆ ಸುತ್ತಿದರೆ ಕೋನಗಳು ತಾವಾಗಿಯೇ ಜಾಗಕ್ಕೆ ಬರುತ್ತವೆ. ವೃತ್ತದ ಪರಿಧಿಯ ಸೂತ್ರವನ್ನು ಪರೀಕ್ಷೆಗೆಂದು ಉರು ಹೊಡೆದವರಿಗೆ ಅದು ಇಲ್ಲಿ ಕೈಗೆ ಸಿಗುತ್ತದೆ.

ಇಷ್ಟಾದರೂ ನೂರರಿಂದ ಭಾಗಿಸಲು ಒಪ್ಪದ ಸಂಗತಿಗಳಿವೆ. ಕಿಟ್‌ನ ಸೂಚನೆಯ ಹಾಳೆ ಅವುಗಳ ಸುದ್ದಿ ಎತ್ತುವುದಿಲ್ಲ. ಮನೆಯಲ್ಲಿ ತಕ್ಕಡಿಯಿದ್ದರೆ ಮಾದರಿಯನ್ನು ತೂಗಿ ನೋಡಿ. ನಿಜವಾದ ಪಿ.ಎಸ್.ಎಲ್.ವಿ.ಯ ತೂಕ ಉಡಾವಣೆಯ ಹೊತ್ತಿಗೆ ಸುಮಾರು 320 ಟನ್. ನೂರರಿಂದ ಭಾಗಿಸಿದರೆ 3.2 ಟನ್ ಆಗಬೇಕು! ಹಾಗಾಗದು. ಉದ್ದ ನೂರರ ಒಂದು ಪಾಲಾದರೆ ಅಗಲವೂ ಅಷ್ಟೇ, ದಪ್ಪವೂ ಅಷ್ಟೇ. ನೂರು, ನೂರು, ನೂರು ಮೂರನ್ನೂ ಗುಣಿಸಿದರೆ ಹತ್ತು ಲಕ್ಷ. ತೂಕವನ್ನು ಹತ್ತು ಲಕ್ಷದಿಂದ ಭಾಗಿಸಬೇಕು. 320 ಟನ್ ಆಗ 320 ಗ್ರಾಂ ಆಗುತ್ತದೆ. ಆದರೆ ರಟ್ಟು, ಕಾಗದ, ಅಂಟು ಎಲ್ಲ ಸೇರಿ ಹುಡುಗಿಯ ಮಾದರಿ ನೂರು ಗ್ರಾಂ ಮುಟ್ಟುವುದೂ ಕಷ್ಟ. ಮಿಕ್ಕದ್ದು ಎಲ್ಲಿ ಹೋಯಿತು? ಅದು ಇಂಧನ. ಮೊದಲ ಹಂತವೊಂದರಲ್ಲೇ 139 ಟನ್ ಘನ ಇಂಧನ ತುಂಬಿರುತ್ತದೆ, ನಮ್ಮ ಲೆಕ್ಕದಲ್ಲಿ 139 ಗ್ರಾಂ. ಮಾದರಿ ಒಳಗೆ ಟೊಳ್ಳು. ನಿಜವಾದದ್ದು ಇಂಧನ ತುಂಬಿದ ಡಬ್ಬಿ.

ಇನ್ನೂ ಒಂದು ಭಾಗಾಕಾರ ಮಾಡಿದರೆ ದೊಡ್ಡವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಇಷ್ಟೆಲ್ಲ ಮಾಡಿ ಪಿ.ಎಸ್.ಎಲ್.ವಿ. 600 ಕಿಲೋಮೀಟರ್ ಎತ್ತರದ ಧ್ರುವೀಯ ಕಕ್ಷೆಗೆ ಒಯ್ಯಬಲ್ಲ ಭಾರ 1,750 ಕಿಲೋಗ್ರಾಂ. ಹತ್ತು ಲಕ್ಷದಿಂದ ಭಾಗಿಸಿದರೆ ಒಂದೂ ಮುಕ್ಕಾಲು ಗ್ರಾಂ, ಈಗಿನ ಒಂದು ರೂಪಾಯಿ ನಾಣ್ಯದ ಸುಮಾರು ಅರ್ಧ ತೂಕ. ಅರ್ಧ ನಾಣ್ಯವನ್ನು ಮೇಲೆ ಕಳಿಸಲು 320 ಗ್ರಾಂ ರಾಕೆಟ್ಟು! 2008ರ ಅಕ್ಟೋಬರ್ 22ರಂದು ಚಂದ್ರಯಾನ-1 ಹೊರಟದ್ದೂ, 2013ರ ನವೆಂಬರ್ 5ರಂದು ಮಂಗಳಯಾನ ಹೊರಟದ್ದೂ ಇದೇ ವಾಹನದ ಮೇಲೆ. ಹಾಗಿದ್ದೂ ಇದರ ಮೊದಲ ಪ್ರಯಾಣ, 1993ರ ಸೆಪ್ಟೆಂಬರ್ 20ರದ್ದು, ಯಶಸ್ಸು ಕಾಣಲಿಲ್ಲ. ಉಪಗ್ರಹ ಕಕ್ಷೆ ಸೇರಿದ್ದು ಮರು ವರ್ಷ ಅಕ್ಟೋಬರ್ 15ರ ಎರಡನೆಯ ಪ್ರಯತ್ನದಲ್ಲಿ.

ಭಾಗಿಸಲಾಗದ ಇನ್ನೊಂದು ವಸ್ತು ಗಾಳಿ. ಪುಟ್ಟ ಮಾದರಿಗೂ ಬೀಸುವುದು ಅದೇ ಗಾಳಿ, ಅದರ ಕಣಗಳನ್ನು ಯಾರೂ ಚಿಕ್ಕದು ಮಾಡಿಕೊಡುವುದಿಲ್ಲ. ಸುರಂಗದಲ್ಲಿ ಕೆಲಸ ಮಾಡುವ ಎಂಜಿನಿಯರುಗಳಿಗೆ ಇದು ನಿತ್ಯದ ತಲೆನೋವು. ಮಾದರಿಯನ್ನು ಹಾರಿಸಹೊರಟ ಹವ್ಯಾಸಿಗಳಿಗೂ ತಪ್ಪಿದ್ದಲ್ಲ. ಪಿ.ಎಸ್.ಎಲ್.ವಿ.ಯ ಬುಡದಲ್ಲಿ ರೆಕ್ಕೆಗಳಿಲ್ಲ, ಮಕ್ಕಳು ಬರೆಯುವ ಚಿತ್ರಗಳಲ್ಲಿ ಮಾತ್ರ ಇರುತ್ತವೆ. ರೆಕ್ಕೆಯಿಲ್ಲದೆ ಅದು ನೆಟ್ಟಗೆ ಹೋಗುವುದು ಹೇಗೆ? ಮೇಲೆ ಹೇಳಿದ ಎರಡು ಬೇರೆ ಕೊಳವೆಗಳ ಕೆಲಸ ಇದೇ. ಅವು ಸ್ಟ್ರಾಂಷಿಯಂ ಪರ್ಕ್ಲೋರೇಟ್ ಎಂಬ ಲವಣದ ದ್ರಾವಣ ತುಂಬಿದ ತೊಟ್ಟಿಗಳು. ಮೊದಲ ಹಂತದ ಬೆಂಕಿ ಹೊರಬರುವ ನಳಿಕೆಯೊಳಕ್ಕೆ ಈ ದ್ರಾವಣವನ್ನು ಬೇಕಾದ ಪಕ್ಕದಿಂದ ಚಿಮ್ಮಿಸಿದರೆ ಬೆಂಕಿಯ ಧಾರೆ ತುಸು ಓರೆಯಾಗುತ್ತದೆ, ರಾಕೆಟ್ಟು ಅದಕ್ಕೆ ತಕ್ಕಂತೆ ತಿರುಗುತ್ತದೆ. ಎರಡನೆಯ ಹಂತದಲ್ಲಿ ಎಂಜಿನ್ನನ್ನೇ ಓಲಾಡಿಸುತ್ತಾರೆ. ಇದನ್ನೆಲ್ಲ ನಡೆಸುವ ಗಣಕ ಒಳಗಿರುತ್ತದೆ. ರಟ್ಟಿನ ಮಾದರಿಗೆ ಈ ಭಾಗ್ಯವಿಲ್ಲ. ಹಾರಬೇಕಾದರೆ ಅದಕ್ಕೆ ಬಾಲದಲ್ಲಿ ರೆಕ್ಕೆ ಬೇಕೇ ಬೇಕು. ರೆಕ್ಕೆ ಅಂಟಿಸಿದರೆ ಅದು ಪಿ.ಎಸ್.ಎಲ್.ವಿ.ಯಂತೆ ಕಾಣುವುದಿಲ್ಲ. ಈ ಇಕ್ಕಟ್ಟಿಗೆ ಹವ್ಯಾಸಿಗಳು ಕಂಡುಕೊಂಡ ದಾರಿ ಸೊಗಸಾಗಿದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ರೆಕ್ಕೆ. ಗಾಳಿಗೆ ಅದು ಸಿಗುತ್ತದೆ, ದೂರದಿಂದ ನೋಡುವವರ ಕಣ್ಣಿಗೆ ಸಿಗುವುದಿಲ್ಲ.

ಬಾಲದ ಮರ್ಮ ಕನ್ನಡ ನಾಡಿಗೆ ಹೊಸದೇನಲ್ಲ. ಧನಗೆರೆಯ ಸೀಮೆಯಿಂದ ಕಾವೇರಿಯ ಮೇಲ್ದಿಕ್ಕಿಗೆ ಹೋದರೆ ಸಿಗುವ ಶ್ರೀರಂಗಪಟ್ಟಣದಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಳಸುತ್ತಿದ್ದ ರಾಕೆಟ್ಟುಗಳು ಸುಮಾರು 20 ಸೆಂಟಿಮೀಟರ್ ಉದ್ದದ ಕಬ್ಬಿಣದ ಕೊಳವೆಗಳು. ಅವಕ್ಕೆ ಕಟ್ಟುತ್ತಿದ್ದ ಬಿದಿರು ಒಂದು ಮೀಟರಿಗೂ ಉದ್ದ. ಆ ಬಿದಿರೇ ಬಾಲ. ಅದಿಲ್ಲದಿದ್ದರೆ ಕೊಳವೆ ಬೆಂಕಿ ಕಾರುತ್ತ ಲಾಗ ಹಾಕುತ್ತಿತ್ತು. ಕಾಗದದ ಬದಲು ಕಬ್ಬಿಣ ಬಳಸಿದ್ದರಿಂದ ಒಳಗಿನ ಒತ್ತಡ ಹೆಚ್ಚಿ ಹಾರುವ ದೂರವೂ ಹೆಚ್ಚಿತು. ವಾಯುಯಾನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಕುರಿತು ಬರೆದ ಪ್ರಬಂಧದಲ್ಲಿ ಈ ಕಥೆಯನ್ನು ಬಿಡಿಸಿಟ್ಟಿದ್ದಾರೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಇಲ್ಲಿಯ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನವನ್ನು ಮಾಡಿದ, ಬಾಲದ ಕೋಲನ್ನು ಅವನೂ ಬಿಡಲಿಲ್ಲ. ಶಿವಮೊಗ್ಗ ಜಿಲ್ಲೆಯ ನಗರದ ಕೋಟೆಯ ಹಾಳುಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ಸಿಕ್ಕವು. ಕಿಟ್ ಕೊಳ್ಳಲಾಗದ ಮಕ್ಕಳು ಇದರ 1:4 ಮಾದರಿ ಮಾಡಬಹುದು. ಐದು ಸೆಂಟಿಮೀಟರಿನ ರಟ್ಟಿನ ಕೊಳವೆ, ಮೂವತ್ತು ಸೆಂಟಿಮೀಟರಿನ ಬಿದಿರ ಸೀಳು, ಕಟ್ಟಲು ದಾರ. ಪ್ರದರ್ಶನದಲ್ಲಿ ಪಿ.ಎಸ್.ಎಲ್.ವಿ.ಯ ಪಕ್ಕದಲ್ಲಿಟ್ಟರೆ ಕೆಳಗೆ ಎರಡರ ಪ್ರಮಾಣವೂ ಬೇರೆ ಬೇರೆ ಎಂದು ಬರೆಯಲು ಮಾತ್ರ ಮರೆಯಬಾರದು.

ಹಾಗಿದ್ದರೆ ಮದ್ದು ತುಂಬಿ ಹಾರಿಸಿಯೇ ಬಿಡೋಣ ಎಂದು ಯಾವನಾದರೂ ಹುಡುಗನಿಗೆ ಅನ್ನಿಸೀತು. ಇಲ್ಲಿ ಅಪ್ಪ ಅಮ್ಮಂದಿರು ಕಿವಿ ನೆಟ್ಟಗೆ ಮಾಡಬೇಕು. ಪಟಾಕಿ ಬಿಚ್ಚಿ ಮದ್ದು ತೆಗೆಯುವುದು, ಬೆಂಕಿಕಡ್ಡಿಯ ತಲೆ ಕೆರೆದು ಕೊಳವೆಗೆ ತುರುಕುವುದು ಬೆರಳು, ಕಣ್ಣು ಕಳೆದುಕೊಳ್ಳುವ ದಾರಿ. ಪರವಾನಗಿ ಇಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಂತೆ ಅಪರಾಧವೂ ಹೌದು. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರೂ ಇದೇ ಹುಚ್ಚಿಗೆ ಬಿದ್ದಿದ್ದರು, ಗಾಯಗೊಂಡವರೂ ಇದ್ದರು. ಅದಕ್ಕೆ ಮೊದಲೇ, 1954ರಲ್ಲಿ, ನೆಬ್ರಾಸ್ಕದ ಒಬ್ಬ ಚಪ್ಪಲಿ ಅಂಗಡಿಯವನು, ಆರ್ವಿಲ್ ಕಾರ್ಲೈಲ್, ಒಮ್ಮೆ ಉರಿದು ಮುಗಿಯುವ, ಕಾಗದದ ಕವಚದ ಪುಟ್ಟ ಮೋಟಾರನ್ನು ಮಾಡಿದ್ದ. ರಾಕೆಟ್ ನೆಲೆಯೊಂದರಲ್ಲಿ ಸುರಕ್ಷತೆಯ ಕೆಲಸ ನೋಡುತ್ತಿದ್ದ ಹ್ಯಾರಿ ಸ್ಟೈನ್ ಅದರ ಬೆಲೆ ಅರಿತ. ಮದ್ದನ್ನು ಕಾರ್ಖಾನೆಯೇ ತುಂಬಲಿ, ಮಕ್ಕಳು ಮೈಯನ್ನಷ್ಟೇ ಕಟ್ಟಲಿ ಎಂಬ ಈ ವಿಭಜನೆಯಿಂದಲೇ ಹಾರುವ ಮಾದರಿಗಳ ಹವ್ಯಾಸ ಬೆಳೆಯಿತು. ಅಂಥ ಮೋಟಾರುಗಳೂ ಸ್ಫೋಟಕದ ವ್ಯಾಪ್ತಿಗೇ ಬರುವಂಥವು. ಪರವಾನಗಿಯುಳ್ಳ ಸಂಸ್ಥೆಯ ಮೇಲ್ವಿಚಾರಣೆಯಿಲ್ಲದೆ ಅವುಗಳ ತಂಟೆಗೆ ಹೋಗಬಾರದು.

ಆ ಕಿಟ್‌ಗಳಲ್ಲಿ ಮಾದರಿ ಮೆಲ್ಲಗೆ ಇಳಿಯಲೆಂದು ತೆಳು ಪ್ಲಾಸ್ಟಿಕ್ಕಿನ ಒಂದು ಪ್ಯಾರಾಚೂಟ್ ಇರುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಪ್ಯಾರಾಚೂಟ್ ಎಂದರೆ ರೇಷ್ಮೆ. ಆಗ ಹಿಪ್ಪುನೇರಳೆಗೆ ಬಂದ ಬೇಡಿಕೆ ಮೈಸೂರು ಸೀಮೆಯ ರೇಷ್ಮೆಗೆ ಜೀವ ತುಂಬಿತು. ಆಗಿನ್ನೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಆ ಪ್ರಾಂತ್ಯದ ಮುಖ್ಯ ರೇಷ್ಮೆ ತಾಣ. ಈ ಸಂಗತಿ ಧನಗೆರೆಯ ಅಪ್ಪನಿಗೆ ಕಿಟ್‌ಗಿಂತ ಹೆಚ್ಚು ಹಿಡಿಸೀತು.

ಬೆಂಕಿಯಿಲ್ಲದೆ ಹಾರಿಸುವ ದಾರಿ ಇದೆ, ಖರ್ಚೂ ಕಡಿಮೆ. ಅರ್ಧ ಇಂಚಿನ ಒಂದು ಮೊಳ ಪಿ.ವಿ.ಸಿ. ಪೈಪು, ಎರಡು ಲೀಟರಿನ ಖಾಲಿ ಪ್ಲಾಸ್ಟಿಕ್ ಸೀಸೆ, ಎರಡನ್ನೂ ಜೋಡಿಸಲು ಸೈಕಲ್ಲಿನ ಹಳೆಯ ಟ್ಯೂಬು. ಗಾಳಿ ಸೋರದಂತೆ ಬಿಗಿದು ಕಟ್ಟಿ, ಪೈಪಿನ ತುದಿಗೆ ಕಾಗದದ ರಾಕೆಟ್ಟು ತೊಡಿಸಿ ಸೀಸೆಯ ಮೇಲೆ ಧಡಕ್ಕನೆ ಕಾಲಿಟ್ಟರೆ ರಾಕೆಟ್ಟು ಚಿಮ್ಮುತ್ತದೆ. ಇಲ್ಲಿ ಪ್ರಮಾಣವನ್ನು ಹೇಳುವುದು ಪೈಪು. ಅದರ ಮೇಲೆ ಸಡಿಲವಾಗಿ ಕಾಗದ ಸುತ್ತಿ ಅಳೆದಾಗ 22 ಮಿಲಿಮೀಟರ್ ಬಂತೆನ್ನಿ. 2,800ನ್ನು 22ರಿಂದ ಭಾಗಿಸಿದರೆ 127. ಹಾಗಾದರೆ ಇದು 1:127ರ ಪಿ.ಎಸ್.ಎಲ್.ವಿ. ಎತ್ತರ ಸುಮಾರು 35 ಸೆಂಟಿಮೀಟರ್, ಉಷ್ಣಕವಚ 25 ಮಿಲಿಮೀಟರ್, ಪಕ್ಕದ ರಾಕೆಟ್ಟುಗಳು 8. ರೆಕ್ಕೆಗೆ ಇನ್ನೊಂದು ಸೀಸೆಯ ಪಾರದರ್ಶಕ ಮೈಯನ್ನು ಕತ್ತರಿಸಿಕೊಂಡರಾಯಿತು.

ಹಾರಿಸುವ ಮುನ್ನ ಒಂದು ಪರೀಕ್ಷೆ. ರಾಕೆಟ್ಟು ಬೆರಳಿನ ಮೇಲೆ ಸಮತೂಗಿ ನಿಲ್ಲುವ ಜಾಗಕ್ಕೆ ದಾರ ಕಟ್ಟಿ, ತಲೆಯ ಸುತ್ತ ತಿರುಗಿಸಬೇಕು. ಮೂತಿ ಮುಂದಾಗಿ ಸುತ್ತಿದರೆ ಸರಿ. ಅಡ್ಡಡ್ಡ ಹೊರಳಿದರೆ, ಇಲ್ಲವೇ ಬಾಲ ಮುಂದಾದರೆ ಉಷ್ಣಕವಚದೊಳಗೆ ಕಡಲೆಕಾಳಿನಷ್ಟು ಜೇಡಿಮಣ್ಣು ಮೆತ್ತಿ ಮತ್ತೆ ತಿರುಗಿಸಬೇಕು, ಅದಕ್ಕೂ ಬಗ್ಗದಿದ್ದರೆ ರೆಕ್ಕೆ ದೊಡ್ಡದು ಮಾಡಬೇಕು. ತೂಕದ ಕೇಂದ್ರ ಮುಂದೆ, ಗಾಳಿ ಹೆಚ್ಚು ತಳ್ಳುವ ಜಾಗ ಹಿಂದೆ ಇರಬೇಕೆಂಬ ನಿಯಮವನ್ನು ದಾರ ತಾನೇ ಹೇಳಿಕೊಡುತ್ತದೆ.

ಕಟಾವಾದ ಬಯಲು ಹೊಲ ಇದಕ್ಕೆ ಪ್ರಶಸ್ತ. ವಿದ್ಯುತ್ ತಂತಿ, ರಸ್ತೆ ಹತ್ತಿರವಿರಬಾರದು. ಪೈಪಿನ ಬಾಯಿಗೆ ಯಾರೂ ಮುಖ ಒಡ್ಡಬಾರದು. ಒಬ್ಬರು ತುಳಿಯಬೇಕು, ಒಬ್ಬರು ಬಿದ್ದ ಜಾಗಕ್ಕೆ ಓಡಬೇಕು, ಒಬ್ಬರು ಹೆಜ್ಜೆ ಎಣಿಸಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಕೊನೆಯ ಕೆಲಸಕ್ಕೆ ಅಪ್ಪನೇ ಆಗಬಹುದು. ಪೈಪನ್ನು ಎಷ್ಟು ವಾಲಿಸಿದರೆ ಎಷ್ಟು ದೂರ, ಮೂತಿಗೆ ಮಣ್ಣು ಹೆಚ್ಚಿಸಿದರೆ ಎಷ್ಟು ಎಂದು ಬರೆಯುತ್ತಾ ಹೋದರೆ ಪ್ರದರ್ಶನಕ್ಕೆ ಬೇಕಾದ ಪಟ್ಟಿ ಅಲ್ಲೇ ಸಿದ್ಧವಾಗುತ್ತದೆ. ಪ್ರತಿ ಸಲವೂ ಮೂತಿಯೇ ಮೊದಲು ನೆಲ ಮುಟ್ಟುವುದರಿಂದ ಏಳೆಂಟು ಹಾರಾಟಗಳಿಗೆ ಉಷ್ಣಕವಚ ಜಜ್ಜಿಹೋಗುತ್ತದೆ. 25 ಮಿಲಿಮೀಟರಿನ ಇನ್ನೆರಡು ಕವಚಗಳನ್ನು ಹಿಂದಿನ ರಾತ್ರಿಯೇ ಸುತ್ತಿ ಒಣಗಿಸಿಟ್ಟುಕೊಂಡು ಹೊಲಕ್ಕೆ ಹೋಗುವುದು ಲೇಸು.